ಮಳೆಗಾಲದ ಕವಚ

ಹೊಸನಗರದಿಂದ ಕುಂದಾಪುರದ ಕಡೆಗೆ ಹೊರಟರೆ ನಗರದ ಕೋಟೆ ರಸ್ತೆಯ ಬದಿಗೇ ಸಿಗುತ್ತದೆ. ಪಾಚಿ ಹಿಡಿದು ಕಪ್ಪಾದ ಗೋಡೆ, ಉರುಟು ಬತೇರಿಗಳು, ಸುತ್ತ ಅಗಳ. ಮೇಲೆ ಹತ್ತಿದರೆ ದರ್ಬಾರಿನ ತಳಪಾಯ, ಅಕ್ಕ-ತಂಗಿಯರ ಕೊಳ. ಇಷ್ಟು ಭದ್ರವಾದ ಕೋಟೆ ಹೇಗೆ ಬಿತ್ತು ಎಂದು ಕೇಳಿದರೆ ಈ ಸೀಮೆಯಲ್ಲಿ ಉತ್ತರ ಸಿದ್ಧವಾಗಿದೆ: ಒಳಗಿನವರು ದ್ರೋಹ ಬಗೆದರು, ಇಲ್ಲದಿದ್ದರೆ ಬೀಳುತ್ತಿರಲಿಲ್ಲ. ಈ ಮಾತಿನಿಂದ ಮನಸ್ಸಿಗೆ ಸಮಾಧಾನ ಸಿಗಬಹುದು, ಕೋಟೆ ಅರ್ಥವಾಗುವುದಿಲ್ಲ. ಕೋಟೆಯೆಂದರೆ ಒಂದು ರಾಜ್ಯ ತೊಟ್ಟುಕೊಂಡ ಕವಚ. ಇಂದು ಸೈನಿಕನ ಎದೆಗವಚವನ್ನು ಹೇಗೆ ಪರೀಕ್ಷಿಸುತ್ತಾರೋ ಅದೇ ಪ್ರಶ್ನೆಗಳನ್ನು ಈ ಗೋಡೆಗಳಿಗೂ ಕೇಳಿದರೆ, ಇವನ್ನು ಕಟ್ಟಿಸಿದ ಕೆಳದಿ ಅರಸರು ಏನನ್ನು ಸರಿಯಾಗಿ ಲೆಕ್ಕ ಹಾಕಿದ್ದರು, ಎಲ್ಲಿ ತಪ್ಪಿದರು ಎಂಬುದು ಸ್ಪಷ್ಟವಾಗುತ್ತದೆ.

ಯಾವ ಕವಚವೂ ಎಲ್ಲ ಏಟನ್ನೂ ತಡೆಯುವುದಿಲ್ಲ ಎಂಬುದು ಮಲೆನಾಡಿಗೆ ಹೊಸ ಪಾಠವಲ್ಲ. ಕೊಳೆರೋಗಕ್ಕೆ ಹೆದರಿ ಅಡಿಕೆ ಕೊನೆಗೆ ಕಟ್ಟುವ ಕೊಟ್ಟೆ ಮಳೆಯನ್ನು ತಡೆಯುತ್ತದೆ, ಮಂಗನನ್ನು ತಡೆಯುವುದಿಲ್ಲ. ಮಳೆ ಹಿಡಿದ ಮೇಲೆ ತಡವಾಗಿ ಕಟ್ಟಿದರೆ ಅಷ್ಟೂ ಪ್ರಯೋಜನವಿಲ್ಲ. ಗುಂಡುನಿರೋಧಕ ಜಾಕೆಟ್ಟಿನ ಪರೀಕ್ಷೆ ನಿಂತಿರುವುದೂ ಇದೇ ವಿವೇಕದ ಮೇಲೆ. ಪಿಸ್ತೂಲಿನ ಮೆತ್ತನೆಯ ಸೀಸದ ಗುಂಡನ್ನು ಪದರ ಪದರವಾದ ಗಟ್ಟಿ ನಾರಿನ ಬಟ್ಟೆ ಹಿಡಿದು ನಿಲ್ಲಿಸುತ್ತದೆ. ಉಕ್ಕಿನ ತಿರುಳಿರುವ ರೈಫಲ್ ಗುಂಡು ಅದೇ ಬಟ್ಟೆಯನ್ನು ತೂರಿಹೋಗುತ್ತದೆ. ಅದಕ್ಕೆ ಮುಂದೆ ಸೆರಾಮಿಕ್ ಫಲಕ ಬೇಕು, ಹಿಂದೆ ಪಾಲಿಮರ್ ಹಾಸು ಬೇಕು. ಫಲಕ ಗುಂಡಿನ ಮೊನೆ ಮುರಿಯುತ್ತದೆ, ಹಾಸು ಉಳಿದ ವೇಗವನ್ನು ನುಂಗುತ್ತದೆ. ಭಾರತದ ಐಎಸ್ 17051 ಎಂಬ 2018ರ ಮಾನದಂಡ ಜಾಕೆಟ್ಟುಗಳನ್ನು ವಿಂಗಡಿಸುವುದು ಎದುರಾಗುವ ಗುಂಡಿನ ಲೆಕ್ಕದಲ್ಲಿಯೇ. ಕಾನ್ಪುರದ ಡಿಆರ್‌ಡಿಒ ಪ್ರಯೋಗಾಲಯ ರೂಪಿಸಿದ ಜಾಕೆಟ್ಟೊಂದು ಆರನೆಯ ಹಂತದ 7.62 ಮಿ.ಮೀ. ಕವಚಭೇದಿ ಗುಂಡುಗಳನ್ನು ತಡೆಯಿತು ಎಂದು 2024ರಲ್ಲಿ ಪ್ರಕಟವಾಯಿತು. ಚಂಡೀಗಢದಲ್ಲಿ ನಡೆದ ಆ ಪರೀಕ್ಷೆಯಲ್ಲಿ ಫಲಕ ಆರು ಏಟು ತಾಳಿಕೊಂಡಿತು. ಗುಂಡು ಒಳಗೆ ಬರಲಿಲ್ಲ ಎಂದಷ್ಟಕ್ಕೆ ಪರೀಕ್ಷೆ ಮುಗಿಯುವುದಿಲ್ಲ. ಜಾಕೆಟ್ಟಿನ ಹಿಂದೆ ಜೇಡಿಯಿಟ್ಟು ಅದರಲ್ಲಿ ಬಿದ್ದ ಗುಳಿಯನ್ನು ಅಳೆಯುತ್ತಾರೆ. ಅಮೆರಿಕದ ಮಾನದಂಡದಲ್ಲಿ ಅದು 44 ಮಿ.ಮೀ. ಮೀರುವಂತಿಲ್ಲ. ಅಲ್ಲಿ ಕವಚವನ್ನು ಒದ್ದೆ ಮಾಡಿ ಹೊಡೆಯುತ್ತಾರೆ, ಅಂಚಿನ ಹತ್ತಿರವೂ ಹೊಡೆಯುತ್ತಾರೆ. ಯಾವ ಗುಂಡು, ಎಷ್ಟು ಏಟು, ಯಾವ ಜಾಗಕ್ಕೆ, ಯಾವ ಹವೆಯಲ್ಲಿ: ಈ ನಾಲ್ಕಕ್ಕೆ ಉತ್ತರವಿಲ್ಲದೆ ‘ಗಟ್ಟಿ’ ಎಂಬ ಮಾತಿಗೆ ಅರ್ಥವಿಲ್ಲ.

ಇತಿಹಾಸವನ್ನು ಚುಟುಕಾಗಿ ಹೇಳುವುದಾದರೆ, ಸಾಗರದ ಪಕ್ಕದ ಕೆಳದಿಯಲ್ಲಿ 1500ರ ಸುಮಾರಿಗೆ ತಲೆಯೆತ್ತಿದ ಮನೆತನ ರಾಜಧಾನಿಯನ್ನು ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಸಾಗಿಸಿತು. ‘ಶಿಸ್ತು’ ಎಂಬ ಕಂದಾಯ ಪದ್ಧತಿಗೆ ಹೆಸರಾದ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರವೆಂದು ಕರೆದ. ಅದರಲ್ಲಿ ಉಳಿದದ್ದು ನಗರ. ಈ ಸ್ಥಳಾಂತರಗಳಲ್ಲಿ ಇಕ್ಕೇರಿಯಿಂದ ಬಿದನೂರಿಗೆ ಬಂದದ್ದು ಮುಖ್ಯ. 1637ರ ಕೊನೆಯಲ್ಲಿ ಬಿಜಾಪುರದ ರಣದುಲ್ಲಾ ಖಾನನ ದಂಡು ಇಕ್ಕೇರಿಯನ್ನು ಸೂರೆಮಾಡಿತು. ಅದಾದ ಎರಡು ಮೂರು ವರ್ಷಗಳಲ್ಲೇ ರಾಜಧಾನಿ ಬಯಲು ಬಿಟ್ಟು ಗುಡ್ಡಗಳ ನಡುವಿನ ಬಟ್ಟಲಿಗೆ ಬಂತು. ಇಕ್ಕೇರಿಯಲ್ಲಿ ಇಂದು ಅಘೋರೇಶ್ವರ ದೇವಸ್ಥಾನ ನಿಂತಿದೆ, ರಾಜಧಾನಿಯ ಗುರುತು ಅಷ್ಟಿಲ್ಲ. ಪರೀಕ್ಷೆಯಲ್ಲಿ ಸೋತ ಕವಚವನ್ನು ಕೆಳದಿಯವರು ಕಳಚಿಟ್ಟು ಹೊಸದನ್ನು ಹೊಲಿಸಿಕೊಂಡರು.

ಆ ಹೊಸ ಕವಚದ ಮೇಲ್ಪದರ ಕಾಡು ಮತ್ತು ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆಯಾಗುತ್ತದೆ. ಅಂಥ ಮಳೆಯಲ್ಲಿ ಫಿರಂಗಿಯ ಗಾಲಿ ಹೂತುಹೋಗುತ್ತದೆ, ಮದ್ದು ತೇವ ಹಿಡಿಯುತ್ತದೆ, ಕೋವಿಯ ಬತ್ತಿ ಉರಿಯುವುದಿಲ್ಲ. ಅದರ ಒಳಗಿನ ಪದರ ಘಾಟಿಯ ಬಾಗಿಲುಗಳು, ಉಕ್ಕಡಗಳು. ಕೊನೆಯದು ಗೋಡೆ. ಈ ಪದರದ ಬುದ್ಧಿ ಎದ್ದು ಕಾಣುವುದು ಕೆಳದಿಯವರ ಇನ್ನೊಂದು ಕೋಟೆಯಾದ ಕವಲೇದುರ್ಗದಲ್ಲಿ. ಭುವನಗಿರಿ ಎಂದೂ ಹೆಸರಿದ್ದ ಈ ದುರ್ಗಕ್ಕೆ ಒಂದರೊಳಗೊಂದು ಮೂರು ಸುತ್ತಿನ ಗೋಡೆ. ಗುಡ್ಡದ ಏರನ್ನೇ ಅನುಸರಿಸಿ ಭಾರೀ ಕಲ್ಲುಗಳನ್ನು ಜೋಡಿಸಿದ್ದಾರೆ, ಬಾಗಿಲ ಎರಡೂ ಪಕ್ಕ ಕಾವಲುಗಾರರ ಕೋಣೆ. ನಗರದಲ್ಲಿ ಕಾಣುವ ಜಂಬಿಟ್ಟಿಗೆಯ ಗುಣವೇ ಬೇರೆ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ, ಮೈತುಂಬ ತೂತಿರುವ ಕಲ್ಲು ಅದು. ಫ್ಲಾರಿಡಾದ ಸೇಂಟ್ ಅಗಸ್ಟೀನ್ ಕೋಟೆಯನ್ನು ಕಟ್ಟಿದ್ದು ಇಂಥದೇ ತೂತುತೂತಾದ ಚಿಪ್ಪುಗಲ್ಲಿನಿಂದ. 1702ರ ಮುತ್ತಿಗೆಯಲ್ಲಿ ಫಿರಂಗಿ ಗುಂಡುಗಳು ಅದನ್ನು ಒಡೆಯಲಾರದೆ ಹೂತು ನಿಂತವು. ಎರಡೂ ಒಂದೇ ಕಲ್ಲಲ್ಲ, ಆದರೂ ಗಡುಸಾದದ್ದಷ್ಟೇ ಗಟ್ಟಿ ಎಂಬ ನಂಬಿಕೆ ತಪ್ಪೆಂದು ತೋರಿಸಲು ಆ ಕೋಟೆ ಸಾಕು.

ಇನ್ನು ಪರೀಕ್ಷೆಯ ಫಲಿತಾಂಶ. 1763ರ ಮಾರ್ಚ್ ಹೊತ್ತಿಗೆ ಹೈದರಾಲಿ ಬಿದನೂರಿನ ಬಾಗಿಲಿಗೆ ಬಂದ. ರಾಣಿ ವೀರಮ್ಮಾಜಿಯ ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ ಕಾಡಿನ ಒಳದಾರಿ ತೋರಿಸಿದ, ಎದುರಿನ ಉಕ್ಕಡಗಳನ್ನು ಬಳಸಿಕೊಂಡು ದಂಡು ಒಳಗೆ ಬಂತು. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಹೊಸಂಗಡಿ ಘಾಟಿ ಹತ್ತಿದ. ಘಾಟಿಯಲ್ಲಿ ಕಾಳಗವಾಯಿತು, ಆದರೆ ಟಿಪ್ಪುವಿನ ಭಯದಲ್ಲಿದ್ದ ಅಧಿಕಾರಿ ಅಯಾಜ್ ಖಾನ್ ನಗರವನ್ನು ಕಾದಾಡದೆ ಒಪ್ಪಿಸಿದ. ಅದೇ ವರ್ಷದ ಏಪ್ರಿಲ್‌ನಲ್ಲಿ ಟಿಪ್ಪು ಘಾಟಿಯನ್ನು ಕಡಿದು ಹಾಕಿ ಕೋಟೆಯನ್ನು ಮುತ್ತಿದ. ಕರಾವಳಿಯ ನೆರವು ತಪ್ಪಿದ ಮ್ಯಾಥ್ಯೂಸ್ ಶರಣಾದ. ಮಾರ್ಚ್, ಜನವರಿ, ಏಪ್ರಿಲ್. ಇಕ್ಕೇರಿಯ ಸೂರೆಯನ್ನೂ ಸೇರಿಸಿದರೆ ನಾಲ್ಕೂ ಏಟು ಬಿದ್ದದ್ದು ಮಳೆ ನಿಂತ ಮೇಲೆ. ಕೆಳದಿ ತೊಟ್ಟದ್ದು ಮಳೆಗಾಲದ ಕವಚ. ಮೇಲ್ಪದರ ಒಣಗಿದ ತಿಂಗಳುಗಳಲ್ಲಿ ಇಡೀ ಭಾರ ಗೋಡೆಯ ಮೇಲೂ ಅದರ ಹಿಂದಿದ್ದ ಮನುಷ್ಯರ ಮೇಲೂ ಬೀಳುತ್ತಿತ್ತು.

ಆ ಕಾಲದ ಎಲ್ಲ ಸೇನೆಗಳೂ ವಿಜಯದಶಮಿಯ ಸೀಮೋಲ್ಲಂಘನ ಮುಗಿಸಿಯೇ ದಂಡು ಹೊರಡುತ್ತಿದ್ದವು, ಹಾಗಾಗಿ ಈ ತಿಂಗಳ ಲೆಕ್ಕಕ್ಕೆ ಅರ್ಥವಿಲ್ಲ ಎನ್ನಬಹುದು. ಶತ್ರು ಬರುವ ಕಾಲ ಮೊದಲೇ ಗೊತ್ತಿದ್ದರೆ ಆ ಕಾಲಕ್ಕೆ ತಕ್ಕ ಕವಚವೇ ಬೇಕಿತ್ತು ಎಂಬುದು ಅದಕ್ಕೆ ಉತ್ತರ. 1689ರಲ್ಲಿ ಚೆನ್ನಮ್ಮ ರಾಣಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದಳಲ್ಲ ಎಂಬ ಮಾತೂ ನ್ಯಾಯವಾದದ್ದೇ. ಅಂದು ರಾಜ್ಯ ಉಳಿದು ವ್ಯವಹಾರ ಒಪ್ಪಂದದಲ್ಲಿ ಮುಗಿಯಿತು. ಕಾಡು, ಘಾಟಿಗಳ ಜೊತೆಗೆ ಒಳಗಿನವರ ನಿಷ್ಠೆಯೂ ಸೇರಿದಾಗ ಕವಚ ತಡೆಯುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಇನ್ನು ದ್ರೋಹದ ವಾದ. ದ್ರೋಹ ನಡೆದದ್ದು ನಿಜ, ಆದರೆ ಅದನ್ನು ಲೆಕ್ಕದ ಹೊರಗಿಡುವಂತಿಲ್ಲ. ಜಾಕೆಟ್ಟಿನ ಅಂಚಿನಲ್ಲಿ ಗುಂಡು ತೂರಿದರೆ ನಡುವಿನ ಫಲಕ ಗಟ್ಟಿಯಿತ್ತು ಎಂದು ಯಾರೂ ಪ್ರಮಾಣಪತ್ರ ಕೊಡುವುದಿಲ್ಲ. ಮುನಿದ ಮಂತ್ರಿ, ಹೆದರಿದ ಅಧಿಕಾರಿ ಈ ಕವಚದ ಅಂಚುಗಳು. ಹದಿನಾರು, ಹದಿನೇಳನೆಯ ಶತಮಾನದ ಯುರೋಪಿನ ಕಮ್ಮಾರರು ತಾವು ಮಾಡಿದ ಎದೆಗವಚಕ್ಕೆ ತಾವೇ ಗುಂಡು ಹೊಡೆದು, ಬಿದ್ದ ಗುಳಿಯನ್ನು ಭರವಸೆಯ ಗುರುತಾಗಿ ಉಳಿಸುತ್ತಿದ್ದರು. ಕೋಟೆಗೆ ಹಾಗೆ ಮುಂಚಿತ ಪರೀಕ್ಷೆ ಇರುವುದಿಲ್ಲ. ಆದ್ದರಿಂದಲೇ ಬಿದ್ದ ಕೋಟೆಗಳ ಪಾಠವನ್ನು ಸರಿಯಾಗಿ ಓದಬೇಕು.

ಈಗ ಈ ಕೋಟೆಗಳಿಗೆ ಬರುವವರು ಬಹಳ. ಕವಲೇದುರ್ಗದ ತುದಿಯಿಂದ ಸೂರ್ಯಾಸ್ತದ ಚಿತ್ರ ತೆಗೆದು ಇಳಿಯುತ್ತಾರೆ. ಅದರಲ್ಲಿ ತಪ್ಪಿಲ್ಲ, ಆದರೆ ಬಾಗಿಲ ಪಕ್ಕದಲ್ಲಿ ಕೋಣೆ ಏಕಿದೆ, ಗೋಡೆ ಮೂರು ಸುತ್ತು ಏಕೆ, ಶತ್ರು ಯಾವ ದಾರಿಯಲ್ಲಿ ಯಾವ ತಿಂಗಳು ಬಂದ ಎಂಬುದನ್ನು ಅರಸರ ಹೆಸರು, ಇಸವಿಗಳ ಜೊತೆಗೆ ಅವರಿಗೆ ತಿಳಿಸಬೇಕು. ಬಿದನೂರಿನಿಂದ ಹೊಸಂಗಡಿಯವರೆಗೆ ಪದರ ಪದರವಾಗಿ ಹಬ್ಬಿದ್ದ ರಕ್ಷಣೆಯನ್ನು ಒಂದೇ ನಕ್ಷೆಯಲ್ಲಿ ತೋರಿಸಿದರೆ ಶಾಲೆಯ ಮಕ್ಕಳಿಗೂ ಅರ್ಥವಾದೀತು. ಗೋಡೆಯ ಸಂದಿನಲ್ಲಿ ಬೇರೂರುವ ಗಿಡಗಳು ಕಲ್ಲನ್ನು ಹೊರತಳ್ಳುತ್ತವೆ, ಆ ಬಿರುಕಿಗೆ ನೀರು ಇಳಿಯುತ್ತದೆ. ಒಂದು ಕಾಲಕ್ಕೆ ಶತ್ರುವಿನ ಮದ್ದು ತೋಯಿಸಿದ ಮಳೆಯೇ ಈಗ ಗೋಡೆಯನ್ನು ಸಡಿಲಿಸುತ್ತಿದೆ. ಅಡಿಕೆಗೆ ಕೊಟ್ಟೆ ಕಟ್ಟುವ ಹೊತ್ತಿಗೆ ಒಮ್ಮೆ, ಮಳೆ ಹಿಂತೆಗೆದ ಮೇಲೆ ಇನ್ನೊಮ್ಮೆ, ಯಾವ ಕಲ್ಲು ಎಷ್ಟು ಜರುಗಿದೆ ಎಂದು ವರ್ಷವರ್ಷ ಅಳೆದು ಬರೆದಿಡುವ ಕೆಲಸ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕೋಟೆಗಳಿಗೆ ತುರ್ತಾಗಿ ಆಗಬೇಕು.