ಹೃದಯದ ಆರೈಕೆಗೆ ಮೊಬೈಲ್ ಆ್ಯಪ್‌ನ ನೆರವು

ಏರಿದ ರಕ್ತದೊತ್ತಡವು ಸದ್ದಿಲ್ಲದೆ ಹೃದಯವನ್ನು ದಣಿಸುತ್ತದೆ. ನೋವು ಕಾಣದ ಕಾರಣ ಅನೇಕರು ಗುಣವಾಯಿತೆಂದು ಬಗೆದು ಮಾತ್ರೆಯನ್ನು ನಿಲ್ಲಿಸುತ್ತಾರೆ, ಕೆಲವರು ಮರೆಯುತ್ತಾರೆ. ಮರೆವಿಗೆ ಮೊಬೈಲ್ ಆ್ಯಪ್ ಒಳ್ಳೆಯ ನೆರವು. ಅದು ಮಾತ್ರೆಯ ಹೊತ್ತನ್ನು ನೆನಪಿಸುತ್ತದೆ, ನಡಿಗೆಯ ಲೆಕ್ಕವನ್ನೂ ಇಡುತ್ತದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆಯಂತಹ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ.

ಆದರೆ ಮೊಬೈಲಿನ ಮೇಲೆ ಬೆರಳಿಟ್ಟು ರಕ್ತದೊತ್ತಡ ತಿಳಿಯುವುದನ್ನು ನಂಬಲಾಗದು. ತೋಳಿಗೆ ಪಟ್ಟಿ ಸುತ್ತುವ ಯಂತ್ರದಿಂದ ಅಳೆದು, ಅಂಕಿಯನ್ನು ಆ್ಯಪ್‌ನಲ್ಲಿ ಬರೆದಿಡಬೇಕು. ಅದು 140/90 ಮುಟ್ಟುತ್ತಲೇ ಇದ್ದರೆ ವೈದ್ಯರಿಗೆ ತೋರಿಸಬೇಕು.

ಆಯುರ್ವೇದ ವೈದ್ಯರಾದ ನಾವೂ ಸದ್ಭಕ್ತರಲ್ಲಿ ವಿನಂತಿಸುವುದಿಷ್ಟೇ: ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿರಿ. ಎದೆ ಹಿಂಡಿದಂತಾದರೆ ಆ್ಯಪ್ ನೋಡುತ್ತ ಕೂರದೆ ಕೂಡಲೇ 108ಕ್ಕೆ ಕರೆ ಮಾಡಿರಿ.