ಕತ್ತಿನ ಗಂಟು ಮತ್ತು ಎರಡನೆಯ ಅಭಿಪ್ರಾಯ

ಪರೀಕ್ಷೆ ಬರೆದು ಫಲಿತಾಂಶಕ್ಕಾಗಿ ಕಾಯುವ ಸಂಕಟವನ್ನು ವಿದ್ಯಾರ್ಥಿಮಿತ್ರರಿಗೆ ವಿವರಿಸಬೇಕಾಗಿಲ್ಲ. ಅದಕ್ಕಿಂತ ಕಠಿನವಾದ ಮತ್ತೊಂದು ಕಾಯುವಿಕೆ ಉಂಟು. ಅದನ್ನು ಕುರಿತು ನಾನು ತಿಳಿದುಕೊಂಡ ನಾಲ್ಕು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇನೆ.

ಕತ್ತಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಚಿಟ್ಟೆಯ ಆಕಾರದಲ್ಲಿರುವುದೇ ಥೈರಾಯ್ಡ್ ಗ್ರಂಥಿ. 1656ರಲ್ಲಿ ಥಾಮಸ್ ವಾರ್ಟನ್ ಎಂಬ ಆಂಗ್ಲ ವೈದ್ಯನು ಗುರಾಣಿ ಎಂಬರ್ಥದ ಗ್ರೀಕ್ ಪದದಿಂದ ಇದಕ್ಕೆ ಈ ಹೆಸರಿಟ್ಟನು. ಇದರಲ್ಲಿ ಗಂಟುಗಳೇಳುವುದು ಬಹು ಸಾಮಾನ್ಯ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಸಂದೇಹವಿದ್ದಲ್ಲಿ ಸಣ್ಣ ಸೂಜಿಯಿಂದ ಜೀವಕೋಶಗಳನ್ನು ಹೀರಿ, ಗಾಜಿನ ಸ್ಲೈಡಿಗೆ ಬಳಿದು, ಬಣ್ಣಹಾಕಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ.

ನನ್ನ ಅಕ್ಕನಿಗೂ ಹೀಗೆ ಸೂಜಿ ಹಾಕಿದರು. ಅವಳು ಸಂಗೀತಪಾಠ ಹೇಳುವವಳು. ಎಂಟು ದಿನ ಕಾದ ಮೇಲೆ ಬಂದ ವರದಿಯಲ್ಲಿ ‘ಮೂರನೆಯ ವರ್ಗ’ ಎಂದಿತ್ತು. ಅರ್ಧ ಗ್ರಂಥಿಯನ್ನು ತೆಗೆಸುವುದು ಕ್ಷೇಮವೆಂದು ಶಸ್ತ್ರವೈದ್ಯರೊಬ್ಬರು ಹೇಳಿದರು. ಆದರೆ ಧ್ವನಿತಂತುಗಳನ್ನು ಆಡಿಸುವ ನರವು ಆ ಗ್ರಂಥಿಯ ಬೆನ್ನಿಗೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾಗುವುದು ವಿರಳವಾದರೂ ಹಾಡಿ ಜೀವಿಸುವವಳಿಗೆ ಅದು ಸಣ್ಣ ಮಾತಲ್ಲ.

ಈ ವರ್ಗವೆಂದರೇನು? 2007ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಸೇರಿದ ತಜ್ಞರು ಇಂಥ ವರದಿಗಳಿಗೆ ಆರು ವರ್ಗಗಳನ್ನು ಗೊತ್ತುಮಾಡಿದರು. ಮೊದಲನೆಯದಕ್ಕೆ ಜೀವಕೋಶಗಳು ಸಾಲವು, ಎರಡನೆಯದು ನಿರುಪದ್ರವಿ, ಆರನೆಯದು ಕ್ಯಾನ್ಸರು, ನಡುವಿನವು ಸಂದೇಹದ ಮೆಟ್ಟಿಲುಗಳು. 2023ರ ಪರಿಷ್ಕರಣದಂತೆ ಕ್ಯಾನ್ಸರಿನ ಸಂಭವವು ಎರಡನೆಯದರಲ್ಲಿ ಸರಾಸರಿ ನೂರಕ್ಕೆ 4, ಮೂರನೆಯದರಲ್ಲಿ 22, ಆರನೆಯದರಲ್ಲಿ 97. ಮೂರನೆಯ ವರ್ಗದಿಂದ ರೋಗ ಉಂಟೆಂದೂ ಹೇಳಲಾಗದು, ಇಲ್ಲವೆಂದೂ ಹೇಳಲಾಗದು. ನುರಿತ ಕಣ್ಣುಗಳೂ ಭಿನ್ನವಾಗಿ ಕಾಣುವುದು ಇಲ್ಲಿಯೇ.

ಆದುದರಿಂದ ಎರಡನೆಯ ಅಭಿಪ್ರಾಯಕ್ಕೆ ವರದಿಯ ಕಾಗದವಷ್ಟೇ ಸಾಲದು. ಸ್ಲೈಡುಗಳನ್ನೇ ಕೇಳಿ ಪಡೆದು ಇನ್ನೊಬ್ಬ ಪೆಥಾಲಜಿಸ್ಟರಿಂದ ಓದಿಸಬೇಕು. ನಾವು ಹಾಗೆಯೇ ಮಾಡಿದೆವು. ಅವರೂ ಮೂರನೆಯ ವರ್ಗವೆಂದೇ ಬರೆದರು! ಆದರೆ ಎಲ್ಲವನ್ನೂ ನೋಡಿದ ಮತ್ತೊಬ್ಬ ಶಸ್ತ್ರವೈದ್ಯರು, ಅಲ್ಟ್ರಾಸೌಂಡಿನಲ್ಲಿ ಗಂಟಿನ ಲಕ್ಷಣ ಸೌಮ್ಯವಾಗಿರುವುದರಿಂದ ಮೂರು ತಿಂಗಳ ಬಳಿಕ ಪುನಃ ಸೂಜಿ ಹಾಕಿ ನೋಡಬಹುದೆಂದರು. ಮೊದಲಿನವರ ಮಾತೂ ತಪ್ಪಲ್ಲ. ಎರಡೂ ವೈದ್ಯಶಾಸ್ತ್ರ ಒಪ್ಪಿದ ದಾರಿಗಳೇ. ಆರಿಸಿಕೊಳ್ಳುವ ಹಕ್ಕು ಮಾತ್ರ ಅಕ್ಕನ ಕೈಗೆ ಬಂತು. ಅವಳು ಕಾಯುವುದನ್ನು ಆರಿಸಿಕೊಂಡಿದ್ದಾಳೆ.

ಹೀಗೆ ಕಾಯುವುದು ಅಪಾಯವಲ್ಲವೇ ಎಂದು ಕೇಳಬಹುದು. ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಪ್ಯಾಪಿಲರಿ ಎಂಬ ಬಗೆಯವು. ಸಾಮಾನ್ಯವಾಗಿ ಮೆಲ್ಲನೆ ಬೆಳೆಯುವಂಥವು. ಜಪಾನಿನ ಕೋಬೆಯಲ್ಲಿರುವ ಕುಮಾ ಆಸ್ಪತ್ರೆಯಲ್ಲಿ 1993ರಿಂದ, ಒಂದು ಸೆಂಟಿಮೀಟರು ಮೀರದ, ಅಪಾಯ ಕಡಮೆಯಾದ ಇಂಥ ಕ್ಯಾನ್ಸರನ್ನು ಕೂಡಲೇ ಕೊಯ್ಯದೆ ನಿಗಾ ಇಟ್ಟು ನೋಡುವ ಕ್ರಮ ಆರಂಭವಾಯಿತು. ಆದರೆ ಗಂಟು ಬೇಗಬೇಗ ಬೆಳೆದರೆ, ಧ್ವನಿ ಒಡೆದರೆ, ಉಸಿರಿಗೂ ನುಂಗುವುದಕ್ಕೂ ಕಷ್ಟವಾದರೆ ಒಂದು ದಿನವೂ ತಡಮಾಡಬಾರದು.

ಎರಡನೆಯ ಅಭಿಪ್ರಾಯ ಕೇಳುವುದು ಮೊದಲ ವೈದ್ಯರಿಗೆ ಅಗೌರವವೆಂದು ನಮ್ಮ ಮನೆಗಳಲ್ಲಿ ಅಂಜುವುದುಂಟು. ಆ ಅಂಜಿಕೆಗೆ ಕಾರಣವಿಲ್ಲ. ಬಂಧುಗಳ ಊಹೆಗಳಿಗೆ ಕಿವಿಗೊಡುವುದಕ್ಕಿಂತ ವರ್ಗ ಯಾವುದು, ಗಾತ್ರವೆಷ್ಟು, ಸ್ಲೈಡುಗಳೆಲ್ಲಿವೆ ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಮೇಲು. ಮನೆಯಲ್ಲಿ ಓದುಬರೆಹ ಬಲ್ಲ ನಮ್ಮಂಥವರು ಮಾಡಬೇಕಾದ ಕೆಲಸವಿದು.