ಮಾವಿನ ಚಟ್ನಿ: ಖಾರ ನಿಮ್ಮಿಷ್ಟ, ಸಿಹಿ ಲೆಕ್ಕದಂತೆ

ಬೇಸಿಗೆ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ ಸರ್ಜಾಪುರದ ರಸ್ತೆಬದಿಯ ತಳ್ಳುಗಾಡಿಗಳಲ್ಲಿ ಉದ್ದನೆಯ, ತುದಿ ಕೊಕ್ಕಿನಂತೆ ಬಾಗಿದ ಮಾವಿನಕಾಯಿಗಳದೇ ದರ್ಬಾರು. ಗಾಡಿಯವರು ಕಾಯಿಯನ್ನು ಎಸಳೆಸಳಾಗಿ ಸೀಳಿ, ಉಪ್ಪು–ಖಾರದ ಪುಡಿ ಸವರಿ ಕೊಟ್ಟರೆ ಸಾಕು, ಶಾಲೆಯ ಮಕ್ಕಳಿಂದ ಹಿಡಿದು ಕಂಪನಿ ಬಸ್ಸಿಗೆ ಕಾಯುವ ನೌಕರರವರೆಗೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ಇದೇ ತೋತಾಪುರಿ. ಈ ಭಾಗದ ಜನ ಕರೆಯುವುದು ಗಿಣಿಮೂತಿ ಎಂದು. ತೋಟಗಾರಿಕೆಯ ಪುಸ್ತಕಗಳಲ್ಲಿ ಇದೇ ತಳಿಗೆ ‘ಬ್ಯಾಂಗಲೋರಾ’ ಎಂಬ ಹೆಸರೂ ಉಂಟು.

ಸರ್ಜಾಪುರದಿಂದ ಮಾಲೂರಿನ ಕಡೆಗೆ ಹೊರಟರೆ ಕೋಲಾರ ಜಿಲ್ಲೆ ಸಿಗುತ್ತದೆ. ಆ ಜಿಲ್ಲೆಯ ಶ್ರೀನಿವಾಸಪುರ ಮಾವಿಗೆ ಹೆಸರಾದ ತಾಲ್ಲೂಕು. ಅಲ್ಲಿ ಬೆಳೆಯುವ ತೋತಾಪುರಿ ತಿನ್ನುವವರ ಕೈಗಿಂತ ಹೆಚ್ಚಾಗಿ ತಿರುಳು ತೆಗೆಯುವ ಕಾರ್ಖಾನೆಗಳನ್ನೇ ನಂಬಿಕೊಂಡಿದೆ. 2025ರ ಜೂನ್ 7ರಂದು ನೆರೆಯ ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ತನ್ನ ಜಿಲ್ಲೆಗೆ ಬರುವುದನ್ನು ನಿಷೇಧಿಸಿದಾಗ ಕರ್ನಾಟಕದ ಗಡಿಭಾಗದ ಬೆಳೆಗಾರರು ಕಂಗಾಲಾದರು. ಕರ್ನಾಟಕದ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಬೆಲೆ ಕುಸಿದಿದ್ದ ಆ ಹಂಗಾಮಿನಲ್ಲಿ ಕೇಂದ್ರ ಸರ್ಕಾರವು ಕ್ವಿಂಟಲ್‌ಗೆ 1,616 ರೂಪಾಯಿಯ ದರ ನಿಗದಿಪಡಿಸಿ, 2.5 ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಎಂದರೆ ಕಿಲೋಗೆ ಸುಮಾರು 16 ರೂಪಾಯಿ.

ಮನೆಯೊಂದರಲ್ಲಿ ನಾಲ್ಕು ಶೀಶೆ ಚಟ್ನಿ ಮಾಡಿದ ಮಾತ್ರಕ್ಕೆ ಬೆಳೆಗಾರರ ಕಷ್ಟ ಪರಿಹಾರವಾಗದು. ಆದರೆ ಹಣ್ಣು ಹೇರಳವಾಗಿ, ಅಗ್ಗವಾಗಿ ಸಿಗುವ ದಿನಗಳಲ್ಲಿ ಅದನ್ನು ಕೆಡದಂತೆ ಕಾಪಾಡಿ, ಸಿಗದ ದಿನಗಳಲ್ಲಿ ಬಳಸುವುದು ಹೇಗೆ ಎಂಬ ಪ್ರಶ್ನೆ ಕಾರ್ಖಾನೆಗೂ ಒಂದೇ, ಅಡುಗೆಮನೆಗೂ ಒಂದೇ. ಸಿಹಿ–ಖಾರದ ಮಾವಿನ ಚಟ್ನಿ ಆ ಪ್ರಶ್ನೆಗೆ ಒಳ್ಳೆಯ ಉತ್ತರ. ಅದರಲ್ಲಿ ಯಾವ ಸಾಮಗ್ರಿಯನ್ನು ನಾಲಿಗೆಗೆ ತಕ್ಕಂತೆ ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದು ತಿಳಿದಿರಬೇಕು, ಅಷ್ಟೆ.

ಹಳೆಯ ನಂಟರು

ಹಣ್ಣಿಗೆ ಸಿಹಿ–ಖಾರ ಬೆರೆಸುವುದು ಕನ್ನಡಿಗರಿಗೆ ಹೊಸದಲ್ಲ. ಕರಾವಳಿಯಲ್ಲಿ ಅನಾನಸಿನ ಮೆಣಸ್ಕಾಯಿ ಇದೆ, ಹಳೇ ಮೈಸೂರು ಭಾಗದಲ್ಲಿ ಗೊಜ್ಜು ಇದೆ, ಉತ್ತರ ಕರ್ನಾಟಕದಲ್ಲಿ ಮಾವಿನಕಾಯಿ–ಬೆಲ್ಲದ ಗುಳಂಬ ಇದೆ. ಗೊಜ್ಜು, ಮೆಣಸ್ಕಾಯಿಗಳು ಅಂದಂದಿನ ಊಟಕ್ಕೆ. ಗುಳಂಬ ಮಾತ್ರ ತಿಂಗಳುಗಟ್ಟಲೆ ಬಾಳುತ್ತದೆ. ಇಲ್ಲಿ ಹೇಳುತ್ತಿರುವ ಚಟ್ನಿ ಗುಳಂಬದ ಹತ್ತಿರದ ನಂಟ. ಭಾರತದಲ್ಲಿದ್ದ ಬ್ರಿಟಿಷರು ಇಂಥ ಚಟ್ನಿಯ ರುಚಿ ಹತ್ತಿಸಿಕೊಂಡು ತಮ್ಮ ನಾಡಿಗೂ ಒಯ್ದರು. ‘ಮೇಜರ್ ಗ್ರೇ’ ಎಂಬ ಹೆಸರಿನ ಸಿಹಿ ಮಾವಿನ ಚಟ್ನಿ ವಿದೇಶಗಳ ಅಂಗಡಿಗಳಲ್ಲಿ ಇಂದಿಗೂ ಮಾರಾಟವಾಗುತ್ತಿದೆ.

ಸಾಮಗ್ರಿ ಮತ್ತು ವಿಧಾನ

ಸಿಪ್ಪೆ ಹೆರೆದು, ವಾಟೆ ತೆಗೆದು, ತೆಳ್ಳಗೆ ಹೆಚ್ಚಿದ ದೋರೆಗಾಯಿ ತೋತಾಪುರಿ 1 ಕಿಲೋ. ಸಕ್ಕರೆ 750 ಗ್ರಾಂ. ಉಪ್ಪು 20 ಗ್ರಾಂ. ಸಣ್ಣಗೆ ಹೆಚ್ಚಿದ ಹಸಿಶುಂಠಿ 25 ಗ್ರಾಂ. ಬ್ಯಾಡಗಿ ಮೆಣಸಿನಕಾಯಿಯ ಪುಡಿ 15 ಗ್ರಾಂ. ಹುರಿದು ಕುಟ್ಟಿದ ಜೀರಿಗೆ ಒಂದು ಚಮಚ, ನಾಲ್ಕು ಲವಂಗ, ಒಂದು ಚೂರು ಚಕ್ಕೆ.

ಹೋಳುಗಳಿಗೆ ಸಕ್ಕರೆ, ಉಪ್ಪು ಬೆರೆಸಿ ಎರಡು ಗಂಟೆ ಮುಚ್ಚಿಡಿ. ನಂತರ ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬೇಯಿಸಿ. ಮಾವಿನ ಹುಳಿ ಲೋಹದೊಡನೆ ವರ್ತಿಸುವುದರಿಂದ ಅಲ್ಯೂಮಿನಿಯಂ ಪಾತ್ರೆಯಾಗಲಿ, ಕಲಾಯಿ ಇಲ್ಲದ ಹಿತ್ತಾಳೆ–ತಾಮ್ರದ ಪಾತ್ರೆಯಾಗಲಿ ಬೇಡ. ಹೋಳುಗಳು ಮೆತ್ತಗಾದ ಮೇಲೆ ಶುಂಠಿ ಮತ್ತು ಮಸಾಲೆ ಹಾಕಿ, ತಳ ಹಿಡಿಯದಂತೆ ಸೌಟಿನಿಂದ ಕೈಯಾಡಿಸುತ್ತಿರಿ. ಒಣ ಮಸಾಲೆಯಲ್ಲಿ ಸೂಕ್ಷ್ಮಜೀವಿಗಳಿರುವುದು ಸಾಮಾನ್ಯ. ಆದ್ದರಿಂದ ಪುಡಿಗಳನ್ನು ಒಲೆಯಿಂದ ಇಳಿಸಿದ ಮೇಲೆ ಉದುರಿಸದೆ, ಚಟ್ನಿಯ ಜತೆಗೇ ಕುದಿಸಬೇಕು.

ಸಕ್ಕರೆ ಮಾಡುವ ಕೆಲಸ

ಎರಡು ಗಂಟೆಯ ನಂತರ ಮುಚ್ಚಳ ತೆಗೆದು ನೋಡಿದರೆ ಹೋಳುಗಳು ರಸದಲ್ಲಿ ಮುಳುಗಿರುತ್ತವೆ. ಒಂದು ತೊಟ್ಟು ನೀರು ಹಾಕದೆಯೂ ಈ ನೀರು ಎಲ್ಲಿಂದ ಬಂತು? ವಿಜ್ಞಾನದ ಪಾಠದಲ್ಲಿ ಮಕ್ಕಳು ಓದುವ ಅಭಿಸರಣೆ ಇದೇ. ಜೀವಕೋಶದ ಹೊರಗೆ ಸಕ್ಕರೆ–ಉಪ್ಪಿನ ಸಾರತೆ ಹೆಚ್ಚಿದಾಗ, ಕೋಶದೊಳಗಿನ ನೀರು ಪೊರೆಯ ಮೂಲಕ ಹೊರಗೆ ಬರುತ್ತದೆ.

ಚಟ್ನಿಯಲ್ಲಿ ಬಿದ್ದ ಬ್ಯಾಕ್ಟೀರಿಯಾ, ಯೀಸ್ಟ್‌ಗಳಿಗೂ ಇದೇ ಗತಿ. ಹಣ್ಣಿನಲ್ಲಿ ನೀರು ಇದ್ದರಷ್ಟೇ ಸಾಲದು, ಅದು ಸೂಕ್ಷ್ಮಜೀವಿಗಳ ಬಳಕೆಗೆ ಸಿಗುವಂತಿರಬೇಕು. ಈ ಲಭ್ಯತೆಯನ್ನು ವಿಜ್ಞಾನಿಗಳು ಸೊನ್ನೆಯಿಂದ ಒಂದರವರೆಗಿನ ಅಂಕಿಯಲ್ಲಿ ಅಳೆಯುತ್ತಾರೆ. ತಾಜಾ ಹಣ್ಣಿನಲ್ಲಿ ಅದು 0.98ರ ಆಸುಪಾಸು. 0.91ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಲಾರವು. 0.80ಕ್ಕಿಂತ ಕೆಳಗೆ ಬಹುತೇಕ ಬೂಷ್ಟುಗಳೂ ಸೋಲುತ್ತವೆ. ಸಕ್ಕರೆಯ ಕಣಗಳು ನೀರನ್ನು ಹಿಡಿದಿಟ್ಟುಕೊಂಡು ಈ ಅಂಕಿಯನ್ನು ಇಳಿಸುತ್ತವೆ. ಹೀಗಾಗಿ ಸಕ್ಕರೆ ಬರಿಯ ಸಿಹಿಯಲ್ಲ, ಕಾವಲುಗಾರನೂ ಹೌದು.

ಎಷ್ಟು ಹೊತ್ತು ಕುದಿಸಬೇಕು ಎಂಬುದಕ್ಕೆ ‘ಹದ ಬರುವವರೆಗೆ’ ಎನ್ನುವುದು ಅನುಭವಸ್ಥರ ಉತ್ತರ. ಹೊಸಬರಿಗೆ ತಕ್ಕಡಿಯೇ ಗುರು. ಒಂದು ಕಿಲೋ ಮಾವಿನ ಹೋಳಿನಲ್ಲಿ ನೀರನ್ನು ಬಿಟ್ಟರೆ ಉಳಿಯುವ ಘನಾಂಶ ಸುಮಾರು 120 ಗ್ರಾಂ. ಇದಕ್ಕೆ ಸಕ್ಕರೆ 750, ಉಪ್ಪು 20, ಮಸಾಲೆ ಮತ್ತು ಶುಂಠಿಯ ಘನಾಂಶ ಸುಮಾರು 25 ಗ್ರಾಂ ಸೇರಿಸಿದರೆ ಒಟ್ಟು 915 ಗ್ರಾಂ. ಒಲೆಗೆ ಏರಿದಾಗ ಎಲ್ಲ ಸೇರಿ ಸುಮಾರು 1,815 ಗ್ರಾಂ ತೂಗುವ ಮಿಶ್ರಣ ಕುದಿದು 1,400 ಗ್ರಾಂಗೆ ಇಳಿದರೆ ಅದರಲ್ಲಿ ಘನಾಂಶ ಶೇ 65ರಷ್ಟಾಗುತ್ತದೆ. ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡರೆ ಏಳನೇ ತರಗತಿಯ ವಿದ್ಯಾರ್ಥಿಯೂ ಈ ಲೆಕ್ಕ ಮಾಡಬಲ್ಲ.

ಮಾರುಕಟ್ಟೆಗೆ ಬರುವ ಮಾವಿನ ಚಟ್ನಿಯಲ್ಲಿ ಹಣ್ಣು ಶೇ 40ಕ್ಕೂ, ಕರಗಿದ ಘನಾಂಶ ಶೇ 50ಕ್ಕೂ ಕಡಿಮೆ ಇರಬಾರದೆಂದು ನಿಯಮವಿದೆ. ಕಾರ್ಖಾನೆಗಳಿಗೆ ಮಿತ ಪ್ರಮಾಣದ ಸಂರಕ್ಷಕ ರಾಸಾಯನಿಕಗಳ ಆಸರೆಯೂ ಉಂಟು. ಅಂಥದ್ದನ್ನು ಹಾಕದ ಮನೆಯ ಚಟ್ನಿಗೆ ಜಾಮ್‌ನ ಅಳತೆಯಾದ ಶೇ 65 ಹೆಚ್ಚು ಕ್ಷೇಮ.

ಉಷ್ಣಮಾಪಕ ಇದ್ದವರಿಗೆ ಇನ್ನೊಂದು ದಾರಿ. ಈ ಹದಕ್ಕೆ ಬಂದ ಪಾಕ ನೀರಿಗಿಂತ ನಾಲ್ಕೈದು ಡಿಗ್ರಿ ಹೆಚ್ಚಿನ ಉಷ್ಣತೆಯಲ್ಲಿ ಕುದಿಯುತ್ತದೆ. ಪುಸ್ತಕಗಳಲ್ಲಿ 105 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿರುವುದು ಸಮುದ್ರಮಟ್ಟದ ಲೆಕ್ಕ. ಸರ್ಜಾಪುರ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಪುಸ್ತಕ ನಂಬಿ 105ಕ್ಕೆ ಕಾದರೆ ಚಟ್ನಿ ಗಟ್ಟಿ ಅಂಟಾಗುವುದು ಖಂಡಿತ. ಈ ಊರಿಗೆ 101–102 ಸಾಕು.

ಹುಳಿಯ ಬೇಲಿ

ಕುದಿಸಿದರೆ ಸೂಕ್ಷ್ಮಜೀವಿಗಳು ಸಾಯುತ್ತವೆ ನಿಜ. ಆದರೆ ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಕುದಿಯುವ ಶಾಖವನ್ನೂ ತಡೆದು ಬದುಕುತ್ತವೆ. ಗಾಳಿಯಿಲ್ಲದ ಮುಚ್ಚಿದ ಶೀಶೆಯಲ್ಲಿ ಬೆಳೆದು ಮಾರಕ ವಿಷ ಉಂಟುಮಾಡುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಇವುಗಳಲ್ಲಿ ಮುಖ್ಯವಾದುದು. ಇದನ್ನು ಹದ್ದುಬಸ್ತಿನಲ್ಲಿಡುವುದು ಹುಳಿ. ಪಿಎಚ್ ಮೌಲ್ಯ 4.6ಕ್ಕಿಂತ ಕಡಿಮೆ ಇರುವಲ್ಲಿ ಅದರ ಬೀಜಕಗಳು ಮೊಳೆಯಲಾರವು. ಮಾವಿನ ಚಟ್ನಿಯ ಪಿಎಚ್ 4.6 ಮೀರಬಾರದೆಂಬ ಸರ್ಕಾರಿ ನಿಯಮದ ಹಿಂದಿರುವ ಕಾರಣವೂ ಇದೇ.

ಕಾಯಿಯಲ್ಲಿ ಸಿಟ್ರಿಕ್ ಮತ್ತು ಮ್ಯಾಲಿಕ್ ಆಮ್ಲಗಳು ಧಾರಾಳವಾಗಿರುತ್ತವೆ. ಮಾಗುತ್ತಾ ಹೋದಂತೆ ಆಮ್ಲ ಇಳಿದು, ಪಿಷ್ಟ ಸಕ್ಕರೆಯಾಗುತ್ತದೆ. ಆದ್ದರಿಂದಲೇ ಚಟ್ನಿಗೆ ಇನ್ನೂ ಹುಳಿ ಬಿಡದ ದೋರೆಗಾಯಿ ಉತ್ತಮ. ಚಟ್ನಿಗೆ ಮೈಕಟ್ಟು ಕೊಡುವ ಪೆಕ್ಟಿನ್ ಕೂಡ ಕಾಯಿಯಲ್ಲಿ ಚೆನ್ನಾಗಿರುತ್ತದೆ. ಅತಿಯಾಗಿ ಮಾಗಿದ ಹಣ್ಣಿನಲ್ಲಿ ಅದು ಒಡೆದುಹೋಗಿರುತ್ತದೆ. ಹಣ್ಣೇ ಬಳಸುವುದಾದರೆ ಕಿಲೋಗೆ ಎರಡು ದೊಡ್ಡ ನಿಂಬೆಹಣ್ಣಿನ ರಸ ಸೇರಿಸಬೇಕು. ಶಾಲೆಯ ಪ್ರಯೋಗಾಲಯದ ಪಿಎಚ್ ಕಾಗದವನ್ನು ಚಟ್ನಿಯ ರಸಕ್ಕೆ ತಾಗಿಸಿ ನೋಡಿದರೆ ಸ್ಥೂಲವಾಗಿ ಅಂದಾಜು ಸಿಗುತ್ತದೆ.

ಹುಳಿಗೆ ಮತ್ತೊಂದು ಕೆಲಸವೂ ಇದೆ. ಬಿಸಿ ಮತ್ತು ಆಮ್ಲ ಎರಡೂ ಸೇರಿದಾಗ ಸಕ್ಕರೆಯ ಒಂದು ಪಾಲು ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ತಿಂಗಳು ಕಳೆದರೂ ಒಳ್ಳೆಯ ಚಟ್ನಿಯಲ್ಲಿ ಸಕ್ಕರೆ ಹರಳುಗಟ್ಟದಿರುವುದಕ್ಕೆ ಇದೇ ಕಾರಣ.

ಖಾರದ ಮಾತು

ಮೆಣಸಿನಕಾಯಿ ಅಮೆರಿಕ ಖಂಡದ ಸಸ್ಯ. ಪೋರ್ಚುಗೀಸರ ಮೂಲಕ ನಮ್ಮ ಕರಾವಳಿಗೆ ಬರುವ ಮುನ್ನ ಇಲ್ಲಿ ಖಾರವೆಂದರೆ ಕರಿಮೆಣಸು. ಹೊಸ ಕಾಯಿಯ ಹೆಸರಿನೊಳಗೇ ಹಳೆಯ ಮೆಣಸು ಉಳಿದುಕೊಂಡಿದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಈ ಕಾಯಿ ಮಕ್ಕಳಿರುವ ಮನೆಯ ಚಟ್ನಿಗೆ ಹೇಳಿಮಾಡಿಸಿದಂತಿದೆ. ಗುಂಟೂರಿನದು ಬೇಕೆನ್ನುವವರು ಪ್ರಮಾಣ ಇಳಿಸಿಕೊಳ್ಳಬೇಕು.

ಖಾರ ಎಂಬುದು ಸಿಹಿ, ಹುಳಿಗಳಂತೆ ನಾಲಿಗೆಯ ರುಚಿಯಲ್ಲ, ಉರಿಯ ಸಂವೇದನೆ. ಸುಮಾರು 43 ಡಿಗ್ರಿ ಮೀರಿದ ಬಿಸಿಯನ್ನು ಗುರುತಿಸುವ ನರದ ಗ್ರಾಹಕವೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ಓಗೊಡುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿಕೊಟ್ಟರು. ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಕ್ಯಾಪ್ಸೈಸಿನ್ ನೀರಿನಲ್ಲಿ ಹೆಚ್ಚು ಕರಗದು. ಬಾಯಿ ಉರಿದಾಗ ನೀರಿಗಿಂತ ಹಾಲು, ಮೊಸರು ಹಿತವೆನಿಸುವುದು ಅದಕ್ಕೇ.

ಹಾಗಾದರೆ ಖಾರ ಚಟ್ನಿಯನ್ನು ಕಾಯುತ್ತದೆಯೇ? ಅಡುಗೆಗೆ ಹಾಕುವಷ್ಟು ಪ್ರಮಾಣದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಕಾವಲಿನ ಭಾರ ಸಕ್ಕರೆ, ಹುಳಿ ಮತ್ತು ಶಾಖದ ಮೇಲಿದೆ. ಖಾರವನ್ನು ಅರ್ಧಕ್ಕಿಳಿಸಿದರೂ, ಇಮ್ಮಡಿ ಮಾಡಿದರೂ ಚಟ್ನಿಯ ಬಾಳಿಕೆ ಬದಲಾಗದು.

ಸಕ್ಕರೆ ಕಡಿಮೆ ಮಾಡಬಹುದೇ?

ಮನೆಯಲ್ಲಿ ಮಧುಮೇಹಿಗಳಿರುವಾಗ ಈ ಪ್ರಶ್ನೆ ಸಹಜ. ಮೇಲಿನ ಲೆಕ್ಕದ ಚಟ್ನಿಯ 15 ಗ್ರಾಂನ ಒಂದು ಚಮಚದಲ್ಲಿ ಸೇರಿಸಿದ ಸಕ್ಕರೆಯೇ ಸುಮಾರು 8 ಗ್ರಾಂ. ದಿನಕ್ಕೆ ಇಂಥ ಸಕ್ಕರೆ 25 ಗ್ರಾಂ ಒಳಗಿದ್ದರೆ ಇನ್ನಷ್ಟು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಚಟ್ನಿಯನ್ನು ಪಲ್ಯದಂತೆ ಬಡಿಸಿಕೊಳ್ಳಬಾರದು ಎಂಬುದು ಇದರಿಂದ ಸ್ಪಷ್ಟ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಪರಿಮಳ ಬದಲಾದೀತೇ ಹೊರತು ಸಿಹಿಯ ಪರಿಣಾಮವಲ್ಲ. ಬೆಲ್ಲದ ಬಹುಪಾಲು ಸಕ್ಕರೆಯೇ.

ಸಕ್ಕರೆಯನ್ನು ಅರ್ಧ ಮಾಡಲು ಯಾರ ಅಡ್ಡಿಯೂ ಇಲ್ಲ. ಆದರೆ ಆಗ ಅದು ವರ್ಷದ ಚಟ್ನಿಯಲ್ಲ, ವಾರದ ಚಟ್ನಿ. ಅದನ್ನು ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು, ಹತ್ತು ದಿನದೊಳಗೆ ಮುಗಿಸಬೇಕು. ಅರ್ಧ ಸಕ್ಕರೆಯ ಚಟ್ನಿಯನ್ನು ಅಜ್ಜಿಯ ಕಾಲದ ಗುಳಂಬದಂತೆ ಕಪಾಟಿನಲ್ಲಿಟ್ಟು ಮರೆಯುವುದೇ ಅಪಾಯ.

ಶೀಶೆ ತುಂಬುವಾಗ

ಗಾಜಿನ ಶೀಶೆಗಳನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಪೂರ್ತಿ ಒಣಗಿಸಿ. ಚಟ್ನಿ ಇನ್ನೂ ಸುಡುಬಿಸಿ ಇರುವಾಗಲೇ, ಬಿಸಿಯಾಗಿರುವ ಶೀಶೆಗೆ ಕತ್ತಿನಿಂದ ಒಂದು ಸೆಂಟಿಮೀಟರ್ ಕೆಳಗಿನವರೆಗೆ ತುಂಬಿ ಮುಚ್ಚಳ ಬಿಗಿಯಿರಿ. ಶೀಶೆಯ ಕೆಳಗೆ ಮರದ ಹಲಗೆ ಇರಲಿ. ತಣ್ಣನೆಯ ಕಲ್ಲಿನ ಮೇಲಿಟ್ಟರೆ ಗಾಜು ಸೀಳೀತು. ಆರಿದಂತೆ ಒಳಗಿನ ಆವಿ ನೀರಾಗಿ, ಒತ್ತಡ ಇಳಿದು, ಲೋಹದ ಮುಚ್ಚಳದ ನಡುಭಾಗ ಒಳಕ್ಕೆ ತಗ್ಗುತ್ತದೆ. ತಗ್ಗದ ಶೀಶೆಯನ್ನು ಮೊದಲು ಬಳಸಿ ಮುಗಿಸುವುದು ಜಾಣತನ.

ಒದ್ದೆ ಚಮಚ ಚಟ್ನಿಯ ಮೊದಲ ಶತ್ರು. ಒಂದು ಹನಿ ನೀರು ಬಿದ್ದ ಜಾಗದಲ್ಲಿ ಸಕ್ಕರೆಯ ಸಾರತೆ ಇಳಿದು, ಅಷ್ಟರಲ್ಲೇ ಬೂಷ್ಟಿಗೆ ನೆಲೆ ಸಿಗುತ್ತದೆ. ಬೂಷ್ಟು ಕಂಡರೆ ಮೇಲಿನದನ್ನು ಕೆರೆದು ಉಳಿದದ್ದನ್ನು ತಿನ್ನುವ ರೂಢಿ ಅನೇಕ ಮನೆಗಳಲ್ಲಿದೆ. ಅದು ಸಲ್ಲದು. ಕೆಲವು ಬೂಷ್ಟುಗಳ ವಿಷ ಕಣ್ಣಿಗೆ ಕಾಣದಂತೆ ಒಳಕ್ಕೆ ಇಳಿದಿರಬಹುದು. ಉಬ್ಬಿದ ಮುಚ್ಚಳ, ಗುಳ್ಳೆ, ಹೆಂಡದ ವಾಸನೆ ಕಂಡುಬಂದ ಶೀಶೆಯನ್ನೂ ರುಚಿ ನೋಡದೆ ಎಸೆಯಬೇಕು. ತೆರೆದ ಶೀಶೆ ಫ್ರಿಜ್‌ನಲ್ಲಿರಲಿ.

ಇಂಥ ಸಂರಕ್ಷಣೆಯ ವಿಜ್ಞಾನಕ್ಕೆ ಕರ್ನಾಟಕವೇ ದೊಡ್ಡ ನೆಲೆ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಅಂದಿನಿಂದಲೂ ಹಣ್ಣು–ತರಕಾರಿ ಕೆಡದಂತೆ ಕಾಪಾಡುವ ದಾರಿಗಳನ್ನು ಹುಡುಕುತ್ತಿದೆ.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಪೂರ್ತಿ ಸಕ್ಕರೆಯ ಚಟ್ನಿ ಎರಡು ಚಮಚ, ಕಾಲು ಭಾಗ ಸಕ್ಕರೆಯದು ಎರಡು ಚಮಚ, ಎರಡನ್ನೂ ಬೇರೆಬೇರೆ ಪುಟ್ಟ ಗಾಜಿನ ಶೀಶೆಗಳಲ್ಲಿ ಸಡಿಲವಾಗಿ ಮುಚ್ಚಿ ಒಂದೇ ಜಾಗದಲ್ಲಿಡಿ. ಹದಿನೈದು ದಿನ ದಿನಕ್ಕೊಮ್ಮೆ ಗಾಜಿನ ಹೊರಗಿನಿಂದಲೇ ನೋಡಿ ಬರೆದುಕೊಳ್ಳಿ. ಮೂಸುವುದು, ರುಚಿ ನೋಡುವುದು ಬೇಡ. ಕೊನೆಗೆ ಎರಡನ್ನೂ ಎಸೆದುಬಿಡಿ. ಯಾವುದು ಮೊದಲು ಕೆಟ್ಟಿತು, ಏಕೆ ಕೆಟ್ಟಿತು ಎಂಬ ಉತ್ತರ ಪಠ್ಯದ ಅಭಿಸರಣೆಯ ಪಾಠದಲ್ಲೇ ಇದೆ. ತಿನ್ನಲು ಇಟ್ಟ ಶೀಶೆಗಳ ಮೇಲೆ ಮಾತ್ರ ಮಾಡಿದ ತಾರೀಖು, ಹಾಕಿದ ಸಕ್ಕರೆ, ಕೊನೆಯ ತೂಕ ಈ ಮೂರನ್ನು ತಪ್ಪದೆ ಬರೆದು ಅಂಟಿಸಿ. ಮುಂದಿನ ವರ್ಷ ಗಿಣಿಮೂತಿ ಗಾಡಿಗೆ ಬಂದಾಗ ಆ ಚೀಟಿಯೇ ನಿಮ್ಮ ಪಾಕಪುಸ್ತಕವಾದೀತು.